ಕುರಿ ಬರೆಯುವ ಯಂತ್ರಕ್ಕೆ ಕಟ್ಟಿದ ಕಂಕಣ

ಬಿಳಿಚೋಡಿನ ಮದುವೆ ಮನೆಯ ಮುಂಗೋಡೆಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಇದ್ದದ್ದು ಕಪ್ಪು ಬಣ್ಣದ ಕುರಿಗಳ ಮೈ, ಕಾಲು, ಬಾಲ. ಒಂದಕ್ಕೂ ತಲೆ ಇರಲಿಲ್ಲ. ಎಡಗಡೆಯ ಒಂದಕ್ಕೆ ಐದು ಕಾಲು ಬಂದಿದ್ದವು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹಂದರ ಹಾಕಬೇಕಿತ್ತು. ಹಂದರದ ಕೆಳಗೆ, ಇದೇ ಗೋಡೆಯ ಎದುರಿಗೆ, ಗಂಡಿನ ಕಡೆಯವರನ್ನು ಕೂರಿಸಬೇಕಿತ್ತು.

ಕುರಿಗಳನ್ನು ಬರೆಯುತ್ತಿದ್ದದ್ದು ನನ್ನ ಹೆಂಡತಿ ಚನ್ನಗಿರಿಯ ನಮ್ಮ ಮನೆಯಲ್ಲಿ ಹವ್ಯಾಸಕ್ಕೆಂದು ಮಾಡಿಕೊಂಡ ಯಂತ್ರ. ಬರೆಸುತ್ತಿದ್ದವಳು ಮದುಮಗಳು. ಅವಳು ನನ್ನ ಹೆಂಡತಿಯ ತಂಗಿಯ ಮಗಳು. ನಮ್ಮನ್ನು ದೊಡ್ಡವ್ವ, ದೊಡ್ಡಪ್ಪ ಎನ್ನುತ್ತಾಳೆ.

ನಮ್ಮ ಕಡೆ ಮದುವೆ ಮನೆಯನ್ನು ದೂರದಿಂದಲೇ ಗೋಡೆ ನೋಡಿ ಗುರುತಿಸಬಹುದು. ಬಾಗಿಲ ಪಕ್ಕದ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿ, ಕೆಮ್ಮಣ್ಣಿನ ಅಂಚು ಎಳೆಸಿ, ಮೇಲೆ ‘ಶುಭ ವಿವಾಹ’ ಎಂದು ಬರೆಸುತ್ತಾರೆ. ಅದರ ಕೆಳಗೆ ಹೆಣ್ಣು ಗಂಡಿನ ಹೆಸರು, ಬದಿಗೆ ಸೊಂಡಿಲೆತ್ತಿದ ಆನೆ, ನವಿಲು, ಬಾಳೆಕಂಬ. ಮದುವೆ ಮುಗಿದು ವರ್ಷಗಳಾದರೂ ಆ ಬರಹ ಮಾಸುತ್ತ ಅಲ್ಲೇ ಇರುತ್ತದೆ. ಮನೆಯಲ್ಲಿ ಇನ್ನೊಂದು ಮದುವೆ ನಿಶ್ಚಯವಾದಾಗಲೇ ಅದರ ಮೇಲೆ ಸುಣ್ಣ ಬೀಳುವುದು. ಪತ್ರಿಕೆಯ ಕೆಲಸಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸುತ್ತುವ ನಾನು ಇಂಥ ಗೋಡೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಕುರಿ ಇದ್ದ ಗೋಡೆ ನೋಡಿರಲಿಲ್ಲ.

ಹುಡುಗಿಗೆ ಕುರಿಯೇ ಬೇಕಿತ್ತು. ಅಪ್ಪನ ಕುರಿಹಿಂಡಿನ ಹಿಂದೆ ಅಡ್ಡಾಡುತ್ತಲೇ ಬೆಳೆದವಳು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ದಿನಗಳಲ್ಲಿ ಕುರಿ ಮೇಯಿಸುತ್ತ, ಕೂತಲ್ಲೇ ಒಂದೊಂದನ್ನೂ ಸೇರಿಸಿ ಇಡೀ ಹಿಂಡಿನ ಚಿತ್ರ ಬರೆದಿಟ್ಟುಕೊಂಡಿದ್ದಳು. ಕಿವಿ ಹರಿದದ್ದು, ಒಂದೇ ಕೊಂಬಿನದು, ಸದಾ ಹಿಂದೆ ಉಳಿಯುವ ಕುಂಟಿ, ಎಲ್ಲವೂ ಅದರಲ್ಲಿದ್ದವು. ಈಗ ಅವಳನ್ನು ಕೊಡುತ್ತಿದ್ದದ್ದು ಹೊನ್ನಾಳಿ ಕಡೆಗೆ. ಅಲ್ಲಿ ಕಾಲುವೆ ನೀರು, ಭತ್ತದ ಗದ್ದೆ. ಆ ಮನೆಯಲ್ಲಿ ಒಂದು ಕುರಿಯೂ ಇರಲಿಲ್ಲ.

ಪ್ರತಿ ಮದುವೆಗೂ ಬಿಳಿಚೋಡಿನ ಮನೆಯ ಗೋಡೆ ಬರೆಯುತ್ತಿದ್ದವರು ಜಗಳೂರಿನ ಒಬ್ಬ ವಯಸ್ಸಾದ ಪೇಂಟರು. ಊರವರೆಲ್ಲ ಚಾಚಾ ಎನ್ನುತ್ತಾರೆ. ಹುಡುಗಿ ತನ್ನ ಚಿತ್ರ ತೋರಿಸಿದಾಗ ಅವರು ಕೈ ಮುಗಿದರಂತೆ.

“ಆನೆ ಬರೀತೀನಿ, ನವಿಲು ಬರೀತೀನಿ, ಬೇಕಂದ್ರೆ ಹೆಲಿಕಾಪ್ಟರ್ ಬರೀತೀನಿ. ಕುರಿ ಮಾತ್ರ ಬ್ಯಾಡ ಬೇಟಿ. ಮದ್ವೆ ಗೋಡೆ ಮ್ಯಾಲೆ ಕುರಿ ಬರೆದ್ರೆ ನಾಳೆ ಜನ ಬಂದು ಬೋಟಿ ಹೆಂಗೆ ಕೆಜಿ ಅಂತ ನನ್ನೇ ಕೇಳ್ತಾರೆ.”

“ಆನೆ ನಾನು ನೋಡಿದ್ದು ಟಿವಿಯಾಗೆ, ಚಾಚಾ,” ಎಂದು ಇವಳು ಹೇಳಿ, ನನ್ನ ಹೆಂಡತಿಗೆ ಫೋನ್ ಮಾಡಿದಳು. “ದೊಡ್ಡವ್ವ, ನಿನ್ನ ಮಿಷಿನ್ನು ಕುರಿ ಬರೀತೈತಾ?”

“ಏನು ಕೊಟ್ರೂ ಬರೀತೈತೆ. ಆನೆ ಯಾವುದು, ಕುರಿ ಯಾವುದು ಅಂತ ಅದಕ್ಕೇನು ಗೊತ್ತು?” ಎಂದಳು ನನ್ನ ಹೆಂಡತಿ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಒಮ್ಮೆ ಮಾತು ಕೊಟ್ಟರೆ ಲೆಕ್ಕ ಬಿಟ್ಟುಕೊಡುವವಳಲ್ಲ.

ಹುಡುಗಿಯ ಅಪ್ಪ, ಅಂದರೆ ನನ್ನ ಷಡ್ಡಕ, ಒಪ್ಪಿಕೊಂಡ. ಆದರೆ ಒಂದು ಮುನ್ನೆಚ್ಚರಿಕೆ ತೆಗೆದುಕೊಂಡಿದ್ದ. ಜಗಳೂರಿಗೆ ಹೋಗಿ ಒಂದು ಫ್ಲೆಕ್ಸ್ ಮಾಡಿಸಿ ತಂದು, ಸುರುಳಿ ಸುತ್ತಿ ಪಡಸಾಲೆಯ ಮೂಲೆಗೆ ನಿಲ್ಲಿಸಿದ್ದ. ಅದರಲ್ಲಿ ಜೋಡಿಯ ಫೋಟೊ, ಅಕ್ಕಪಕ್ಕ ಎರಡು ಆನೆ. ನಾವು ಹೋದ ದಿನವೇ ಅದನ್ನು ತೋರಿಸಿ ಹೇಳಿದ: “ಅಕ್ಕಾರೆ, ನಿಮ್ಮ ಮಿಷಿನ್ ಸರಿಯಾಗಿ ಬರೆದ್ರೆ ಸಂತೋಷ. ಬರೀಲಿಲ್ಲ ಅಂದ್ರೆ ನಾಳೆ ಹೊತ್ತು ಮುಳುಗೋದ್ರೊಳಗೆ ಸುಣ್ಣ ಹೊಡೆದು ಇದನ್ನ ಕಟ್ಟಿಬಿಡ್ತೀನಿ. ಅರ್ಧಂಬರ್ಧ ಗೋಡೆ ಮುಂದೆ ಬೀಗರನ್ನ ಕೂರ್ಸಾಕೆ ಆಗಲ್ಲ.”

ಯಂತ್ರ ಅಂದರೆ ದೊಡ್ಡದೇನಲ್ಲ. ಗೋಡೆಯ ಮೇಲಿನ ಎರಡು ಮೂಲೆಗೆ ಒಂದೊಂದು ಮೋಟಾರು. ಎರಡರಿಂದಲೂ ಹಲ್ಲಿರುವ ರಬ್ಬರ್ ಬೆಲ್ಟು ಇಳಿಬಿದ್ದಿರುತ್ತದೆ. ಬೆಲ್ಟುಗಳ ತುದಿ ಸೇರುವಲ್ಲಿ ಅಂಗೈಯಗಲದ ಒಂದು ಹಲಗೆ, ಹಲಗೆಯಲ್ಲಿ ಬ್ರಷ್ಷು. ಬಲಗಡೆಯ ಮೋಟಾರು ಎಳೆದು ಎಡಗಡೆಯದು ಬಿಟ್ಟರೆ ಬ್ರಷ್ಷು ಬಲಕ್ಕೆ ಹೋಗುತ್ತದೆ. ಎರಡೂ ಬಿಟ್ಟರೆ ಕೆಳಗಿಳಿಯುತ್ತದೆ. ಹಲಗೆಯ ಬೆನ್ನಿಗೆ ಬೆಂಕಿಪೊಟ್ಟಣದಷ್ಟೇ ಇರುವ ಇನ್ನೊಂದು ಮೋಟಾರು. ಬ್ರಷ್ಷನ್ನು ಗೋಡೆಗೆ ಒತ್ತುವುದು, ಹಿಂದಕ್ಕೆ ಸರಿಸುವುದು ಅದರ ಕೆಲಸ. ಕೆಳಗೆ ಸ್ಟೂಲಿನ ಮೇಲಿನ ಡಬ್ಬಿಯಿಂದ ಹೊರಟ ವೈರುಗಳು ಬಲಮೂಲೆಗೆ ಹತ್ತಿ, ಒಂದು ಅಲ್ಲಿನ ದೊಡ್ಡ ಮೋಟಾರಿಗೆ ಸೇರುತ್ತದೆ, ಇನ್ನೊಂದು ಅಲ್ಲಿಂದ ಇಳಿಬಿದ್ದು ಹಲಗೆಯ ಚಿಕ್ಕ ಮೋಟಾರಿಗೆ ಬರುತ್ತದೆ. ಎಡಮೂಲೆಯ ಮೋಟಾರಿಗೆ ಬೇರೆ ವೈರು. ಡಬ್ಬಿಗೂ ಲ್ಯಾಪ್‌ಟಾಪಿಗೂ ನಡುವೆ ಒಂದು ಕೇಬಲ್. ಗೋಡೆಯ ಬುಡದ ನಡುಮಧ್ಯದಲ್ಲಿ ಬಣ್ಣದ ಬಟ್ಟಲು. ಬ್ರಷ್ಷು ಆಗಾಗ ಅಲ್ಲಿಗೆ ಬಂದು ಅದ್ದಿಕೊಂಡು ಹೋಗಬೇಕು.

ಇಷ್ಟು ಕೂಡಿಬರಲು ಚನ್ನಗಿರಿಯಲ್ಲಿ ಬಹಳ ಒದ್ದಾಟವಾಗಿತ್ತು. ಮೊದಲು, ಡಬ್ಬಿ ಇದೆ ಎಂಬುದನ್ನೇ ಲ್ಯಾಪ್‌ಟಾಪು ಒಪ್ಪಲಿಲ್ಲ. ಡಬ್ಬಿಯ ದೀಪ ಉರಿಯುತ್ತಿತ್ತು, ಪರದೆಯ ಮೇಲೆ ಮಾತ್ರ ಏನೂ ಬರುತ್ತಿರಲಿಲ್ಲ. ನನ್ನ ಹೆಂಡತಿ ಸಾಫ್ಟ್‌ವೇರ್ ತೆಗೆದು ಹಾಕಿದಳು, ಮತ್ತೆ ತೆಗೆದಳು, ಮತ್ತೆ ಹಾಕಿದಳು. ಕಡೆಗೆ ಗೊತ್ತಾದದ್ದು, ನಾವು ಬಳಸಿದ್ದು ಫೋನ್ ಚಾರ್ಜ್ ಮಾಡುವ ಅಗ್ಗದ ಕೇಬಲ್ ಎಂದು. ಅದರೊಳಗೆ ಕರೆಂಟು ಹೋಗುವ ಎರಡು ತಂತಿ ಇರುತ್ತವೆ, ಮಾಹಿತಿ ಹೋಗುವ ತಂತಿ ಇರುವುದಿಲ್ಲ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಮನೆಯಲ್ಲಿದ್ದ ಇನ್ನೊಂದು ಕೇಬಲ್ಲೂ ಅದೇ ಜಾತಿಯದು. ಎರಡನ್ನೂ ಸಾಮಾನಿನ ಡಬ್ಬದ ತಳಕ್ಕೆ ಎಸೆದು ಹೊಸದು ತಂದೆವು.

ಆಮೇಲೆ ಮೋಟಾರು. ಹೊನ್ನಾಳಿಯ ಜೆರಾಕ್ಸ್ ಮಿಷಿನ್ ರಿಪೇರಿ ಅಂಗಡಿಯೊಂದರಲ್ಲಿ ಗುಜರಿಗೆ ಹಾಕಿದ್ದ ಯಂತ್ರಗಳಿಂದ ಬಿಚ್ಚಿದವು. ತಂದು ಜೋಡಿಸಿದರೆ ಒಂದು ಸರಿಯಾಗಿ ತಿರುಗಿತು, ಇನ್ನೊಂದು ಗುಂಯ್‌ಗುಟ್ಟುತ್ತ ನಿಂತಲ್ಲೇ ನಡುಗಿತು. ಅದರಿಂದ ಹೊರಡುವ ನಾಲ್ಕು ತಂತಿ ಎರಡು ಜೋಡಿ. ಯಾವುದು ಯಾವುದರ ಜೋಡಿ ಎಂದು ತಿಳಿಯದೆ ಕೊಟ್ಟರೆ ಮೋಟಾರು ಅತ್ತ ಹೋಗಲೋ ಇತ್ತ ಹೋಗಲೋ ಎಂದು ನಡುಗುತ್ತದೆ. ಜೋಡಿ ಹುಡುಕುವುದಕ್ಕೆ ಮೀಟರೂ ಬೇಡ. ಎರಡು ತಂತಿಯ ತುದಿ ಒಂದಕ್ಕೊಂದು ತಾಗಿಸಿ ಹಿಡಿದು, ಮೋಟಾರಿನ ಕಡ್ಡಿಯನ್ನು ಬೆರಳಿಂದ ತಿರುಗಿಸಬೇಕು. ಸುಲಭವಾಗಿ ತಿರುಗಿದರೆ ಜೋಡಿಯಲ್ಲ, ತಡೆದರೆ ಜೋಡಿ. ಆ ಸಂಜೆ ಅವಳು ಕಡ್ಡಿ ತಿರುಗಿಸುತ್ತ ಕೂತಿದ್ದಳು, ನಾನು ತಂತಿ ಹಿಡಿದುಕೊಂಡು ಕೂತಿದ್ದೆ. “ರೀ, ಸುದ್ದಿ ಕಳ್ಸಾಕೆ ಹೋಗೋದಾದ್ರೆ ಈಗ್ಲೇ ಹೇಳ್ರಿ, ನಡುವೆ ಕೈ ಬಿಡಬ್ಯಾಡ್ರಿ,” ಎಂದಿದ್ದಳು.

ನ್ಯಾಮತಿಯಲ್ಲಿ ಅವಳ ಗೆಳತಿಯ ಮನೆಯ ಕಾಂಪೌಂಡಿನ ಮೇಲೆ ಮೊದಲ ಪರೀಕ್ಷೆ. ವೃತ್ತ ಬರೆಯಲು ಹೇಳಿದರೆ ಯಂತ್ರ ಕೋಳಿಮೊಟ್ಟೆ ಬರೆಯಿತು. ಗೆಳತಿ “ಟೀಚರಮ್ಮ, ಇದಕ್ಕೆ ನೂರಕ್ಕೆ ಎಷ್ಟು ಕೊಡ್ತೀರಿ?” ಎಂದು ಕೇಳಿದಳು. ಬೆಲ್ಟು ಎಳೆಯುವ ಒಂದು ಗಾಲಿಯ ಸ್ಕ್ರೂ ಸಡಿಲವಾಗಿ, ಮೋಟಾರು ತಿರುಗಿದಷ್ಟು ಗಾಲಿ ತಿರುಗುತ್ತಿರಲಿಲ್ಲ. ಬಿಗಿ ಮಾಡಿದೆವು, ವೃತ್ತ ಬಂತು. ಅಲ್ಲಿಂದ ಅವಳು ಒಂದು ನಿಯಮ ಮಾಡಿಕೊಂಡಳು: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಕಡೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಬಿಳಿಚೋಡಿಗೆ ಹೋದ ಸಂಜೆಯೇ ಯಂತ್ರ ಕಟ್ಟಿ, ಗೋಡೆಯ ಮೇಲ್ಭಾಗದಲ್ಲಿ ‘ಶುಭ ವಿವಾಹ’ ಮತ್ತು ಎರಡು ಹೆಸರು ಬರೆಸಿದೆವು. ಕೆಂಪು ಅಕ್ಷರ, ಒಂದೂ ತಪ್ಪಲಿಲ್ಲ. ಓಣಿಯವರು ಬಂದು ನೋಡಿ ಹೋದರು.

ಮರುದಿನ ಬೆಳಿಗ್ಗೆ ಒನಕೆ ಪೂಜೆ. ಷಡ್ಡಕನ ತಾಯಿ, ಹುಡುಗಿಯ ಅಜ್ಜಿ, ಅರಿಶಿಣದ ನೀರಲ್ಲಿ ನೆನೆಸಿದ ದಾರಕ್ಕೆ ಅರಿಶಿಣದ ಕೊಂಬು ಸೇರಿಸಿ ಕಂಕಣ ಮಾಡಿಟ್ಟಿದ್ದರು. ಮೊದಲು ಒನಕೆಗೆ ಕಟ್ಟಿದರು, ಆಮೇಲೆ ಒರಳಿಗೆ, ಬೀಸುವ ಕಲ್ಲಿಗೆ. ಈಗ ಮದುವೆ ಮನೆಯ ಕೆಲಸವೆಲ್ಲ ಬೀಸುವ ಕಲ್ಲಿನಲ್ಲಿ ನಡೆಯುವುದಿಲ್ಲವಾದ್ದರಿಂದ ಮಿಕ್ಸಿಗೊಂದು, ಗ್ರೈಂಡರಿಗೊಂದು. ಕಡೆಗೆ ಒಂದು ಉಳಿಯಿತು. ಅಜ್ಜಿ ಹೊರಗೆ ಬಂದು ಯಂತ್ರ ನೋಡಿದರು.

“ಮದ್ವೆ ಕೆಲಸ ಮಾಡೋದಕ್ಕೆಲ್ಲ ಕಂಕಣ ಕಟ್ಬೇಕು. ಇದೂ ಮಾಡಾಕೆ ಹತ್ತೈತಲ್ಲ?”

ನನ್ನ ಹೆಂಡತಿಗೆ ಸಂತೋಷವೇ ಆಯಿತು. ಗುಜರಿಯಿಂದ ಬಂದ ಮೋಟಾರಿಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಅಜ್ಜಿಗೆ ಕೈ ಎಟುಕದೆ ಮಗನನ್ನು ಇನ್ನೊಂದು ಸ್ಟೂಲು ಹತ್ತಿಸಿದರು. ಅವನು ಬಲಮೂಲೆಯ ಮೋಟಾರಿಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಕಂಕಣ ಕಟ್ಟಿದ. “ಬಿಗಿ ಕಟ್ಟೋ, ಬಿದ್ದುಗಿದ್ದೀತು,” ಎಂದರು ಅಜ್ಜಿ. “ಕುರಿಮರಿ ಕಟ್ಟೋನಿಗೆ ಕಟ್ಟೋದು ಕಲಿಸ್ತೀಯಲ್ಲವ್ವ,” ಎಂದ ಅವನು. ನಾನು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡೆ. ಎಲ್ಲರೂ ಮಂಡಕ್ಕಿ ತಿನ್ನಲು ಒಳಗೆ ಹೋದೆವು.

ಚಿತ್ರವನ್ನು ಬಣ್ಣದ ಪ್ರಕಾರ ಬರೆಸಬೇಕಿತ್ತು: ಮೊದಲು ಕಪ್ಪಿನಲ್ಲಿ ಎಲ್ಲ ಕುರಿಗಳ ಮೈ ಮತ್ತು ಕಾಲು, ಆಮೇಲೆ ಕಂದು ಬಣ್ಣದಲ್ಲಿ ತಲೆಗಳು. ಬಲಗಡೆಯ ಕುರಿಗಳು ಚೆನ್ನಾಗಿ ಬಂದವು. ಎಡಕ್ಕೆ ಸರಿದ ಮೇಲೆ ಬಲಮೂಲೆಯ ಮೋಟಾರು ಒಮ್ಮೆ ಗರಗರ ಎಂದಿತು. ಹಲಗೆ ತುಸು ಜಾರಿತು. ಯಂತ್ರಕ್ಕೆ ತಾನು ಜಾರಿದ್ದು ತಿಳಿಯುವುದಿಲ್ಲ. ಜಾರಿದ ಜಾಗದಿಂದಲೇ ಮುಂದುವರಿಸುತ್ತದೆ. ನಾವು ಓಡಿ ಬಂದು ನಿಲ್ಲಿಸುವಷ್ಟರಲ್ಲಿ ಒಂದು ಕುರಿಗೆ ಐದನೆಯ ಕಾಲು ಬಂದಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಸುಣ್ಣವೇ ಕಿತ್ತು ಬರುವಂತಿತ್ತು, ಬಿಟ್ಟೆವು.

ನನ್ನ ಹೆಂಡತಿ ಬ್ರಷ್ಷನ್ನು ಮೊದಲಿನ ಜಾಗಕ್ಕೆ ತಂದು ಮತ್ತೆ ಶುರು ಮಾಡಿದಳು. ಸ್ವಲ್ಪ ಹೊತ್ತು ಸರಿ, ಮತ್ತೆ ಗರಗರ. ಈ ಸಲ ನಾವು ಸಿದ್ಧವಾಗಿದ್ದರಿಂದ ಗೋಡೆ ಕೆಡಲಿಲ್ಲ.

“ನಿನ್ನೆ ಸರಿ ಇತ್ತು. ಇವತ್ತು ಬದಲಾಗಿದ್ದು ಏನು?” ಎಂದು ನಾನು ಕೇಳಿದೆ.

“ಏನೂ ಇಲ್ಲ,” ಎಂದಳು ಅವಳು. ಅಲ್ಲಿದ್ದ ಎಲ್ಲರೂ ಏನೂ ಇಲ್ಲ ಎಂದೇ ಹೇಳಿದರು.

ಮೊದಲ ಅನುಮಾನ ಕರೆಂಟಿನ ಮೇಲೆ. ಅಡುಗೆ ಮನೆಯಲ್ಲಿ ಗ್ರೈಂಡರು ಓಡುತ್ತಿತ್ತು. ಅದು ಶುರುವಾದಾಗ ಬಲ್ಬು ಮಂಕಾಗುತ್ತಿತ್ತು. ಅದನ್ನು ನಿಲ್ಲಿಸಿ ಎಂದು ಹೇಳಲು ನನ್ನನ್ನು ಕಳಿಸಿದಳು. ಒಳಗಿದ್ದ ಹೆಂಗಸರು ನಕ್ಕರು. “ಹೋಳಿಗೆ ಹೂರಣ ನಿಲ್ಲಿಸಿ ಕುರಿಗೆ ಕಾಲು ಬರೀತಾರಂತೆ. ಮಾವಾರೆ, ಬೀಗರಿಗೆ ಏನು ಬಡಿಸ್ತೀರಿ, ಗೋಡೆನಾ?” ಗ್ರೈಂಡರು ನಿಂತಿತು. ಮೋಟಾರಿನ ಗರಗರ ನಿಲ್ಲಲಿಲ್ಲ. ಗ್ರೈಂಡರು ಮತ್ತೆ ಶುರುವಾಯಿತು.

ಎರಡನೆಯದು ಬಿಸಿ. ಡಬ್ಬಿಯೊಳಗೆ ಪ್ರತಿ ದೊಡ್ಡ ಮೋಟಾರಿಗೂ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು ಇರುತ್ತದೆ, ಮೋಟಾರಿಗೆ ಎಷ್ಟು ಕರೆಂಟು ಬಿಡಬೇಕೆಂದು ನೋಡಿಕೊಳ್ಳುವುದು ಅದು. ಬಿಸಿಯೇರಿದರೆ ತಾನೇ ಸುಮ್ಮನಾಗಿ ಬಿಡುತ್ತದೆ. ಮುಚ್ಚಳ ತೆಗೆದು ಬೀಸಣಿಗೆ ಬೀಸಿದೆವು. ಬದಲಾವಣೆ ಇಲ್ಲ. ಮೂರನೆಯದಾಗಿ ಅವಳು ಎಲ್ಲ ಆರಿಸಿ, ಡಬ್ಬಿಯಲ್ಲಿ ಎಡ ಬಲದ ಪ್ಲಗ್ಗುಗಳನ್ನು ಅದಲು ಬದಲು ಮಾಡಿದಳು. ತೊಂದರೆ ಡಬ್ಬಿಯದಾದರೆ ಅದು ಎಡಗಡೆಯ ಮೋಟಾರಿಗೆ ಹೋಗಬೇಕು. ಬ್ರಷ್ಷನ್ನು ತೆಗೆದಿಟ್ಟು ಹಲಗೆಯನ್ನು ಸುಮ್ಮನೆ ಓಡಿಸಿದಳು. ಗರಗರ ಎಂದದ್ದು ಮತ್ತೆ ಬಲಗಡೆಯದೇ.

“ಡಬ್ಬಿ ಸರಿ ಐತೆ. ಮೋಟಾರು ಇಲ್ಲ ಅದರ ವೈರು,” ಎಂದಳು. ಆಮೇಲೆ ನನಗೆ ಮಾತ್ರ ಕೇಳುವಂತೆ, “ಓಡ್ತಿರೋವಾಗ ವೈರು ಬಿಟ್ಟು ಬಿಟ್ಟು ಹತ್ತಿದ್ರೆ ಒಳಗಿನ ಬೋರ್ಡು ಸುಟ್ಟು ಹೋಗತೈತ್ರಿ. ಇನ್ನೊಂದು ತಂದಿಲ್ಲ.”

ಷಡ್ಡಕ ಆ ಹೊತ್ತಿಗೆ ಬಕೆಟ್ಟಿನಲ್ಲಿ ಸುಣ್ಣ ಕಲಸಿ ತಂದು ಜಗಲಿಯ ಮೇಲಿಟ್ಟಿದ್ದ. ಬಕೆಟ್ಟಿನ ಪಕ್ಕದಲ್ಲಿ ಫ್ಲೆಕ್ಸ್ ಸುರುಳಿ. ಅವನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಒಬ್ಬ, “ಏನಣ್ಣ, ತಲೆ ಎಲ್ಲ ಆಗ್ಲೇ ಸುಡಾಕೆ ಕಳಿಸಿದ್ಯಾ?” ಎಂದು ಕೇಳಿ ಹೋದ. ಮದುವೆಗೆ ಮುಂಚೆ ತಲೆಯಿಲ್ಲದ ಪ್ರಾಣಿಗಳನ್ನು ಬಾಗಿಲಲ್ಲಿ ಇಟ್ಟುಕೊಳ್ಳಲು ಯಾವ ತಂದೆಗೂ ಮನಸ್ಸಾಗದು. “ಅಕ್ಕಾರೆ, ಕುರಿ ಮನೆಗೆ ಬರೋ ಹೊತ್ತಿನ ತನಕ ನೋಡ್ತೀನಿ,” ಎಂದ.

ಮೈಗೆ ಅರಿಶಿಣ ಹಚ್ಚಿಸಿಕೊಂಡು ಕೂತಿರಬೇಕಾದ ಹುಡುಗಿ ಜಗಲಿಯ ಕಂಬಕ್ಕೆ ಒರಗಿ ಗೋಡೆ ನೋಡುತ್ತಿದ್ದಳು. ಪ್ಲಗ್ಗುಗಳನ್ನು ಮೊದಲಿನಂತೆ ಹಾಕಿ ಯಂತ್ರವನ್ನು ನಾವು ಇನ್ನೊಮ್ಮೆ ಓಡಿಸಿದಾಗ ಅವಳು ಹೇಳಿದಳು:

“ದೊಡ್ಡವ್ವ, ಅದು ಕುಂಟಿ ಹತ್ರ ಹೋದಾಗಲೇ ಬಿಕ್ಕೋದು. ಪ್ರತಿ ಸಲ ಅಲ್ಲೇ. ಬೇರೆ ಕಡೆ ಎಲ್ಲೂ ಇಲ್ಲ.”

ಕುಂಟಿ ಅಂದರೆ ಹಿಂಡಿನಲ್ಲಿ ಹಿಂದುಳಿಯುವ ಕುರಿ. ಚಿತ್ರದಲ್ಲಿ ಅದು ಎಡಗಡೆ, ಎಲ್ಲಕ್ಕಿಂತ ಕೆಳಗೆ. ಅದರ ಸುತ್ತಲಿನ ಮೂರ್ನಾಲ್ಕು ಕುರಿ ಬಿಟ್ಟರೆ ಬೇರೆ ಎಲ್ಲೂ ಯಂತ್ರ ತಪ್ಪಿರಲಿಲ್ಲ. ನಾವು ಯಾವಾಗ ಕೆಡುತ್ತದೆ ಎಂದೇ ನೋಡುತ್ತಿದ್ದೆವು. ಎಲ್ಲಿ ಕೆಡುತ್ತದೆ ಎಂದು ನೋಡಿರಲಿಲ್ಲ. ಹಿಂದಿನ ಸಂಜೆ ಬರೆದ ಅಕ್ಷರಗಳೆಲ್ಲ ಮೇಲ್ಭಾಗದಲ್ಲಿದ್ದವು, ಆ ಮೂಲೆಗೆ ಬ್ರಷ್ಷು ಹೋಗಿಯೇ ಇರಲಿಲ್ಲ.

ನನ್ನ ಹೆಂಡತಿ ಯಂತ್ರ ಆರಿಸಿ, ಬೆಲ್ಟು ಸಡಿಲ ಮಾಡಿ, ಹಲಗೆಯನ್ನು ಕೈಯಿಂದಲೇ ಎಡಕ್ಕೆ, ಕೆಳಕ್ಕೆ ಒಯ್ದಳು. “ನೀವು ಮೇಲೆ ಹತ್ತಿ ಆ ಮೋಟಾರು ನೋಡ್ರಿ,” ಎಂದಳು. ನಾನು ಸ್ಟೂಲು ಹತ್ತಿದೆ. ಹಲಗೆ ಕುಂಟಿಯ ಹತ್ತಿರ ಹೋಗುತ್ತಿದ್ದಂತೆ ಚಿಕ್ಕ ಮೋಟಾರಿನ ವೈರು ಬಿಗಿಯಾಯಿತು. ಬಿಗಿಯಾಗಿ, ಪಕ್ಕದಲ್ಲಿದ್ದ ದೊಡ್ಡ ಮೋಟಾರಿನ ವೈರನ್ನೂ ಜೊತೆಗೆ ಎಳೆಯಿತು. ಮೋಟಾರಿನ ಪ್ಲಗ್ಗು ಅದರ ಗೂಡಿನಿಂದ ಒಂದು ಎಳ್ಳಿನಷ್ಟು ಹೊರಗೆ ಬಂತು. ಅವಳು ಹಲಗೆಯನ್ನು ಬಣ್ಣದ ಬಟ್ಟಲಿನ ಕಡೆ ತಂದಾಗ ಪ್ಲಗ್ಗು ಮತ್ತೆ ಒಳಗೆ ಸರಿಯಿತು.

ಎರಡು ವೈರುಗಳನ್ನು ಸೇರಿಸಿ ಕಟ್ಟಿದ್ದದ್ದು ಕಂಕಣ.

ಷಡ್ಡಕ ಅದಕ್ಕೆ ಹಾಕಿದ್ದದ್ದು ಕುರಿಮರಿಯನ್ನು ಗೂಟಕ್ಕೆ ಕಟ್ಟುವ ಗಂಟು. ಮರಿ ಎಳೆದಷ್ಟೂ ಬಿಗಿಯಾಗುವ ಗಂಟು ಅದು. ಹಸಿ ದಾರ ಬೇರೆ. ಬಿಸಿಲಿಗೆ ಒಣಗಿ ಬಿಗಿದುಕೊಂಡಿತ್ತು. ಬೆಳಿಗ್ಗೆ ತೆಗೆದ ಚಿತ್ರ ಮೊಬೈಲಿನಲ್ಲಿ ತೆರೆದು ನೋಡಿದೆ. ವಿಭೂತಿ, ಕುಂಕುಮ, ಅರಿಶಿಣದ ಕೊಂಬು, ಅದರ ಕೆಳಗೆ ಜೊತೆಯಾಗಿ ನಿಂತ ಎರಡು ವೈರು, ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

“ಸಿಕ್ತು ಬಿಡ್ರಿ,” ಎಂದು ಅವಳು ಕತ್ತರಿ ತೆಗೆದುಕೊಂಡಳು.

“ಯಾರು ಕಂಕಣಕ್ಕೆ ಕತ್ತರಿ ಹಾಕೋದು?” ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

ಷಡ್ಡಕ ಮೆಲ್ಲಗೆ, “ಕತ್ತರಿಸಿ ಇನ್ನೊಂದು ಕಟ್ಟಿದ್ರೆ ಆತಲ್ಲವ್ವ,” ಎಂದ.

“ಕಂಕಣ ಕಟ್ಟೋದು ಒಂದು ಸಲ. ಬಿಚ್ಚೋದು ಮದ್ವೆ ಮುಗಿದ ಮ್ಯಾಲೆ. ನಡುವೆ ಕಿತ್ರೆ ಅದು ಮಿಷಿನ್ನಿಗೆ ತಟ್ಟಲ್ಲ, ಈ ಹುಡುಗಿಗೆ ತಟ್ಟತೈತೆ.” ಅವರ ದನಿ ಏರಿರಲಿಲ್ಲ. “ಬೇಕಾದ್ರೆ ಗೋಡೆಗೆ ಸುಣ್ಣ ಹೊಡೀರಿ.”

ಹುಡುಗಿ ನನ್ನ ಹೆಂಡತಿಯ ಮುಖ ನೋಡಿದಳು. ಆಮೇಲೆ, “ಇರ್ಲಿ ಬಿಡು ದೊಡ್ಡವ್ವ,” ಎಂದಳು. ಷಡ್ಡಕ ಬಕೆಟ್ಟಿನ ಹತ್ತಿರ ಹೋಗಿ ಸುಣ್ಣವನ್ನು ಕೋಲಿನಿಂದ ಒಮ್ಮೆ ತಿರುವಿದ.

ನನ್ನ ಹೆಂಡತಿ ಅಜ್ಜಿಯ ಜೊತೆ ವಾದಕ್ಕೆ ಇಳಿಯಲಿಲ್ಲ. ಗಂಟನ್ನು ಮುಟ್ಟದೆ ವೈರನ್ನು ಅದರೊಳಗಿಂದ ಜಾರಿಸಲು ನೋಡಿದಳು, ಒಂದಿಷ್ಟೂ ಅಲುಗಲಿಲ್ಲ. ಸ್ಟೂಲಿನ ಮೇಲೆ ನಿಂತೇ ಅಜ್ಜಿಯ ಕಡೆ ತಿರುಗಿದಳು.

“ಅವ್ವಾ, ದಾರ ಮುಟ್ಟಲ್ಲ. ವೈರು ಕತ್ತರಿಸಬಹುದಾ?”

ಅಜ್ಜಿ ಕಣ್ಣು ಕಿರಿದು ಮಾಡಿ ಮೇಲೆ ನೋಡಿದರು. “ವೈರಿಗೆ ಯಾವ ಶಾಸ್ತ್ರ ಐತವ್ವ? ಅದು ನಿನ್ನ ಸಾಮಾನು. ಏನಾದ್ರೂ ಮಾಡ್ಕ.”

ಅವಳು ಚಿಕ್ಕ ಮೋಟಾರಿನ ವೈರನ್ನು ಕಂಕಣದ ಮೇಲೊಂದು ಕಡೆ, ಕೆಳಗೊಂದು ಕಡೆ ಕತ್ತರಿಸಿದಳು. ಬೆರಳುದ್ದದ ತುಂಡು ಕಂಕಣದೊಳಗೆ ಹಾಗೇ ಉಳಿಯಿತು. ದೊಡ್ಡ ಮೋಟಾರಿನ ವೈರು ಒಂಟಿಯಾಯಿತು. ಪ್ಲಗ್ಗನ್ನು ಒತ್ತಿ ಕೂರಿಸಿದಳು. ಈಗ ಕತ್ತರಿಸಿದ ಎರಡು ತುದಿಗಳನ್ನು, ಮೋಟಾರಿನಿಂದ ದೂರದಲ್ಲಿ ಬೇರೆ ಮೊಳೆಗೆ ಹಾಯಿಸಿ, ಕೂಡಿಸಬೇಕು. ಚಿಕ್ಕ ಮೋಟಾರಿಗೆ ಕರೆಂಟು ತರಲು, ವಾಪಸ್ಸು ಒಯ್ಯಲು, ಡಬ್ಬಿಯ ಆಜ್ಞೆ ತರಲು ಎಂದು ಮೂರು ಎಳೆ ತಂತಿ ಬೇಕು. 

ಸಾಮಾನಿನ ಡಬ್ಬ ತಲೆಕೆಳಗು ಮಾಡಿದಾಗ ತಳದಿಂದ ಬಿದ್ದದ್ದು ಚನ್ನಗಿರಿಯಲ್ಲಿ ಎಸೆದಿದ್ದ ಎರಡು ಚಾರ್ಜಿಂಗ್ ಕೇಬಲ್. ಒಂದೊಂದರಲ್ಲಿ ಎರಡೆರಡು ತಂತಿ. ಸಿಪ್ಪೆ ಸುಲಿದೆವು. ಷಡ್ಡಕ ಬೋರ್‌ವೆಲ್ ಮೋಟಾರಿನ ಸಾಮಾನಿನಿಂದ ಟೇಪು ತಂದುಕೊಟ್ಟ. “ಕೆಂಪು ಕರೆಂಟು, ಕಂದು ವಾಪಸ್ಸು, ಕಿತ್ತಳೆ ಮಾತು,” ಎಂದು ಅವಳು ಪಾಠ ಹೇಳುವಂತೆ ಹೇಳುತ್ತ ಒಂದೊಂದೇ ಎಳೆ ಹೆಣೆದು ಸುತ್ತಿದಳು. ಮೊದಲ ಸಲ ಚಾಲೂ ಮಾಡಿದಾಗ ಚಿಕ್ಕ ಮೋಟಾರು ಚಳಿ ಹತ್ತಿದಂತೆ ನಡುಗಿತು. ಕಿತ್ತಳೆ ತಂತಿಯ ಹೆಣಿಗೆ ಸಡಿಲವಿತ್ತು. ಬಿಚ್ಚಿ ಮತ್ತೆ ಹೆಣೆದಳು. ನಡುಕ ನಿಂತಿತು.

ಬ್ರಷ್ಷು ಇಲ್ಲದೆ ಹಲಗೆಯನ್ನು ಕುಂಟಿಯ ಹತ್ತಿರ ಕಳಿಸಿದಳು. ಹೋಯಿತು, ಬಂತು. ಇನ್ನೊಮ್ಮೆ ಕಳಿಸಿದಳು. ಬಲಗಡೆಯ ಮೋಟಾರು ಬಿಕ್ಕಲಿಲ್ಲ. ಉಳಿದಿದ್ದ ಮೈಗಳನ್ನು ಕಪ್ಪಿನಲ್ಲಿ ಮುಗಿಸಿ, ಬಟ್ಟಲಿಗೆ ಕಂದು ಬಣ್ಣ ಸುರಿದೆವು.

ಮೊದಲ ತಲೆ ಬಂದದ್ದು ಕಿವಿ ಹರಿದದ್ದಕ್ಕೆ. ಷಡ್ಡಕ ಸುಣ್ಣದ ಬಕೆಟ್ಟು ಕೈಯಲ್ಲಿ ಹಿಡಿದೇ ನಿಂತಿದ್ದ. ಎರಡನೆಯದು, ಮೂರನೆಯದು ಬಂದವು. ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಧೂಳೆದ್ದಿತು; ಹಿಂಡು ಮನೆಗೆ ಬರುತ್ತಿತ್ತು. ಅವನ ಒಪ್ಪಂದದ ಹೊತ್ತು ಅದೇ. ಅವನು ಗೋಡೆ ನೋಡಿದ, ಹಿಂಡು ನೋಡಿದ, ಬಕೆಟ್ಟು ಕೆಳಗಿಟ್ಟು ಕುರಿಗಳನ್ನು ಕೊಟ್ಟಿಗೆಗೆ ಕೂಡಲು ಹೋದ. ತಿರುಗಿ ಬಂದಾಗ ಒಂದು ತಲೆ ಮಾತ್ರ ಬಾಕಿ ಇತ್ತು, ಕುಂಟಿಯದು. ಬ್ರಷ್ಷು ಎಡಮೂಲೆಗೆ ಇಳಿಯುವಾಗ ಅಲ್ಲಿದ್ದವರೆಲ್ಲ ಬಲಗಡೆಯ ಮೋಟಾರನ್ನೇ ನೋಡುತ್ತಿದ್ದರು. ಅದು ಸದ್ದಿಲ್ಲದೆ ತಿರುಗಿತು. ಬೆಳಕು ಇನ್ನೂ ಇತ್ತು.

“ಐದು ಕಾಲಿಂದು?” ಎಂದು ನನ್ನ ಹೆಂಡತಿ ಕೇಳಿದಳು. “ಒಂದಕ್ಕೆ ಸುಣ್ಣ ಮುಟ್ಟಿಸಲಾ?”

“ಬ್ಯಾಡ,” ಎಂದಳು ಹುಡುಗಿ. “ಅದರ ಹಿಂದೆ ಒಂದು ಮರಿ ನಿಂತೈತೆ ಅಂತ ಹೇಳ್ತೀನಿ.”

ಮರುದಿನ ಹಂದರ ಹಾಕುವಾಗ ಚಾಚಾ ಊಟಕ್ಕೆ ಬಂದಿದ್ದರು. ಗೋಡೆಯ ಮುಂದೆ ಮೊಪೆಡ್ಡು ನಿಲ್ಲಿಸಿ ಬಹಳ ಹೊತ್ತು ನೋಡಿದರು. “ಇದನ್ನ ನಾನು ಬರೆದಿದ್ರೆ ಕಾಲು ಎಣಿಸಿ ಬೈತಿದ್ರಿ. ಮಿಷಿನ್ ಬರೆದ್ರೆ ಹೊಗಳ್ತೀರಿ,” ಎಂದರು. ಆಮೇಲೆ ಉಳಿದಿದ್ದ ಕಪ್ಪು ಬಣ್ಣ ಮೂಸಿ, “ಡಿಸ್ಟೆಂಪರಿಗೆ ಇನ್ನೊಂಚೂರು ಗೋಂದು ಹಾಕಬೇಕಿತ್ತು,” ಎಂದು ನನ್ನ ಹೆಂಡತಿಗೆ ಹೇಳಿದರು. ಅವಳು ಒಪ್ಪಿದಳು. ಫ್ಲೆಕ್ಸನ್ನು ಷಡ್ಡಕ ಹಾಳು ಮಾಡಲಿಲ್ಲ. ಹಿತ್ತಲಿನ ಅಡುಗೆ ಚಪ್ಪರದ ಮೇಲೆ ಬಿಸಿಲು ಬೀಳದಂತೆ ಹೊದಿಸಿದ. ಆನೆಗಳು ಆಕಾಶ ನೋಡುತ್ತಿದ್ದವು.

ಬೀಗರು ಬಂದು ಕೂತರು. ಹೊನ್ನಾಳಿಯ ಕಡೆಯ ಒಬ್ಬ ಹಿರಿಯರು ಎಲೆಅಡಿಕೆ ಹಾಕಿಕೊಳ್ಳುತ್ತ ಗೋಡೆ ತೋರಿಸಿ, “ಇಷ್ಟೂ ನಮಗೆ ಕೊಡ್ತೀರೇನ್ರಿ?” ಎಂದು ಕೇಳಿದರು. “ಬರೆದವಳನ್ನೇ ಕೊಡ್ತಿದೀವಲ್ರೀ,” ಎಂದ ಷಡ್ಡಕ.

ಮದುವೆ ಮುಗಿದು ಹುಡುಗಿಯನ್ನು ಕಳಿಸಿಕೊಡುವ ದಿನ ಅಜ್ಜಿ ಎಲ್ಲ ಕಂಕಣಗಳನ್ನೂ ಬಿಚ್ಚಿಸಿದರು. ಒನಕೆಯದು, ಮಿಕ್ಸಿಯದು ಸಲೀಸಾಗಿ ಬಂದವು. ಯಂತ್ರದ್ದನ್ನು ನಾವು ಅಲ್ಲಿಯವರೆಗೆ ಗೋಡೆಯಿಂದ ಇಳಿಸಿರಲಿಲ್ಲ. ಹುಡುಗಿ ತಾನೇ ಸ್ಟೂಲು ಹತ್ತಿದಳು. ಅಪ್ಪ ಹಾಕಿದ ಗಂಟು ಬಿಚ್ಚುವ ಬಗೆ ಅವಳಿಗೆ ಗೊತ್ತಿತ್ತು. ಒಂದು ಎಳೆಯನ್ನು ಹಿಂದಕ್ಕೆ ತಳ್ಳಿ, ಇನ್ನೊಂದನ್ನು ಉಗುರಿನಿಂದ ಎತ್ತಿದಳು. ದಾರದ ಜೊತೆ ಬೆರಳುದ್ದದ ವೈರಿನ ತುಂಡೂ ಅವಳ ಕೈಗೆ ಬಂತು. ಅಜ್ಜಿ ಎರಡನ್ನೂ ಬೇರೆ ಮಾಡಲು ಬಿಡಲಿಲ್ಲ. ಉಳಿದ ಕಂಕಣಗಳೊಡನೆ ಅದನ್ನೂ ಹಿತ್ತಲಿನ ಬೇವಿನ ಮರದ ಬುಡಕ್ಕೆ ಹಾಕಿಸಿದರು. ನನ್ನ ಹೆಂಡತಿಯ ಉಡಿ ತುಂಬುವಾಗ ಒಂದು ಕುಬುಸದ ಕಣವನ್ನು ಹೆಚ್ಚಿಗೆ ಇಟ್ಟು, “ಇದು ಅದಕ್ಕೆ,” ಎಂದು ಯಂತ್ರದ ಡಬ್ಬಿ ತೋರಿಸಿದರು. ಅದೇ ಬಟ್ಟೆಯಲ್ಲಿ ಮೋಟಾರುಗಳನ್ನು ಸುತ್ತಿಕೊಂಡು ಚನ್ನಗಿರಿಗೆ ತಂದೆವು.

ಆಮೇಲೆ ಜಗಳೂರಿಗೆ ಸುದ್ದಿಯ ಕೆಲಸಕ್ಕೆ ಹೋದಾಗಲೆಲ್ಲ ಬಿಳಿಚೋಡಿನಲ್ಲಿ ಇಳಿದು ಹೋಗುತ್ತೇನೆ. ಚಾಚಾ ಹೇಳಿದಂತೆ ಗೋಂದು ಸಾಲದೆ ಕಪ್ಪು ಸ್ವಲ್ಪ ಉದುರಿದೆ, ಕಂದು ನಿಂತಿದೆ. ಹುಡುಗಿ ಹೊನ್ನಾಳಿಯಿಂದ ಫೋನ್ ಮಾಡಿದಾಗ ಕುಂಟಿ ಹೇಗಿದೆ ಎಂದು ಅಪ್ಪನನ್ನು ಕೇಳುತ್ತಾಳಂತೆ. ಯಾವುದು, ಕೊಟ್ಟಿಗೆಯದೋ ಗೋಡೆಯದೋ ಎಂದು ಅವನು ಕೇಳಬೇಕಾಗುತ್ತದೆ. ಬಿಳಿಚೋಡಿನ ಮನೆಗೆ ಅವಳು ಒಬ್ಬಳೇ ಮಗಳು. ಇನ್ನೊಂದು ಮದುವೆ ಅಲ್ಲಿ ಸದ್ಯಕ್ಕಿಲ್ಲ, ಹಾಗಾಗಿ ಗೋಡೆಗೆ ಸುಣ್ಣವೂ ಇಲ್ಲ.